ಕೀಲಿ ಯಾರ ಹತ್ತಿರ ಇದೆ, ಸರ್?

ನಮ್ಮ ಜಿಲ್ಲೆಯ ಪ್ರೌಢಶಾಲೆಗಳ ಹೊಣೆ ಹೊತ್ತಿರುವ ಉಪನಿರ್ದೇಶಕರಿಗೆ,

ವಿಷಯ: ಹತ್ತನೇ ತರಗತಿಯ ವಿಜ್ಞಾನ ಪಾಠ ಮತ್ತು ಪರೀಕ್ಷೆಯ ತಯಾರಿ ಕುರಿತು.

ಮಾನ್ಯರೇ,

ನಾನು ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಹಿಂದೆ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಪಂಪ್‌ಸೆಟ್, ಸೀಲಿಂಗ್ ಫ್ಯಾನ್, ಮಿಕ್ಸಿ, ಸುಟ್ಟುಹೋದದ್ದು ಏನೇ ಇದ್ದರೂ ನಮ್ಮಲ್ಲಿಗೆ ಬರುತ್ತದೆ. ಓದಿದ್ದು ಎಸ್‌ಎಸ್‌ಎಲ್‌ಸಿ, ಆಮೇಲೆ ಐಟಿಐ. ನನ್ನ ಮಗಳು ಈ ವರ್ಷ ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಯಿಂದ ಹತ್ತನೇ ತರಗತಿ ಪಾಸಾಗಿದ್ದಾಳೆ. ವಿಜ್ಞಾನದಲ್ಲಿ 80ಕ್ಕೆ 61. ಅದೇ ಶಾಲೆಯಲ್ಲಿ ಮಗ ಈಗ ಹತ್ತಕ್ಕೆ ಬಂದಿದ್ದಾನೆ. ಮಗಳು ಫೇಲಾದ ಸಿಟ್ಟಿಗೆ ಬರೆಯುತ್ತಿದ್ದೇನೆ ಅಂತ ಯಾರೂ ತಿಳಿಯಬಾರದು, ಅದಕ್ಕೇ ಮಾರ್ಕ್ಸ್ ಮೊದಲೇ ಹೇಳಿಬಿಟ್ಟೆ.

ಶಾಲೆಯ ಹೆಸರು ಬರೆದಿಲ್ಲ. ಬರೆದರೆ ನಾಳೆ ನೋಟಿಸ್ ಹೋಗುವುದು ಅಲ್ಲಿನ ವಿಜ್ಞಾನದ ಮೇಡಂಗೆ. ಆಕೆಯದ್ದು ತಪ್ಪಿಲ್ಲ ಅಂತ ಹೇಳುವುದಕ್ಕೂ ಸೇರಿಯೇ ಈ ಪತ್ರ.

ಕಳೆದ ಡಿಸೆಂಬರ್‌ನಲ್ಲಿ ಒಂದು ಸಂಜೆ ಮಗಳು ಅಂಗಡಿಯಲ್ಲಿ ಕೂತು ‘ವಿದ್ಯುಚ್ಛಕ್ತಿ’ ಪಾಠದ ಲೆಕ್ಕ ಮಾಡುತ್ತಿದ್ದಳು. ನಮ್ಮಲ್ಲಿ ಸೀರೀಸ್ ಬೋರ್ಡ್ ಅಂತ ಒಂದಿದೆ. ರಿಪೇರಿಯಾದ ಮೋಟಾರನ್ನು ಸೀದಾ ಲೈನಿಗೆ ಕೊಡದೆ, ಮೊದಲು 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬಿನ ಜೊತೆ ಸೀರೀಸ್‌ನಲ್ಲಿ ಹಾಕಿ ನೋಡುತ್ತೇವೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ. ಅವಳ ಪುಸ್ತಕದ ಲೆಕ್ಕದಲ್ಲೂ ಅಂಥದ್ದೇ ಬಲ್ಬ್: 220 ವೋಲ್ಟ್, 100 ವ್ಯಾಟ್. ರೋಧ, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ, ಎಷ್ಟು? 220ನ್ನು 220ರಿಂದ ಗುಣಿಸಿ 100ರಿಂದ ಭಾಗಿಸಿದಳು. 484 ಓಮ್ ಬಂತು.

ಬೋರ್ಡಿನಲ್ಲಿದ್ದ ಬಲ್ಬನ್ನು ನೋಡಿ, “ಅಪ್ಪಾ, ಇದನ್ನ ಅಳೆದು ನೋಡೋಣ್ವಾ?” ಅಂದಳು. ಬಲ್ಬ್ ಬಿಚ್ಚಿ ಮಲ್ಟಿಮೀಟರ್ ಕೈಗೆ ಕೊಟ್ಟೆ. ಮೀಟರಿನಲ್ಲಿ 39 ಚಿಲ್ಲರೆ ತೋರಿಸಿತು. ಇನ್ನೊಂದು ಸಲ ಇಟ್ಟಳು, ಅಷ್ಟೇ. ಪುಸ್ತಕದ ಲೆಕ್ಕ 484, ಕೈಯಲ್ಲಿರುವುದು 39. “ಮೀಟರ್ ಕೆಟ್ಟಿದೆಯಾ, ಪುಸ್ತಕ ತಪ್ಪಾ?” ಅಂತ ಕೇಳಿದಳು.

ನಿಜ ಹೇಳಬೇಕೆಂದರೆ, ತಣ್ಣಗಿರುವ ಬಲ್ಬ್ ಕಡಿಮೆ ತೋರಿಸುತ್ತದೆ ಅಂತ ನನಗೆ ಕೈ ಅಂದಾಜಿನಲ್ಲಿ ಗೊತ್ತಿತ್ತು. ಯಾಕೆ ಅಂತ ಬಿಡಿಸಿ ಹೇಳಲು ಬರಲಿಲ್ಲ. ನಾಳೆ ಶಾಲೆಯಲ್ಲಿ ಕೇಳು ಅಂದೆ. ಮರುದಿನ ಸಂಜೆ ಬಂದು ಬ್ಯಾಗ್ ಬಿಸಾಕಿದಳು. “ಅದು ಪರೀಕ್ಷೆಗೆ ಬರಲ್ಲವಂತೆ. ಮೊದಲು ಪ್ಯಾಕೇಜ್ ಮುಗಿಸಬೇಕಂತೆ.”

ಅವತ್ತು ರಾತ್ರಿ ಅಂಗಡಿ ಮುಚ್ಚಿ ಬಂದವನು ಊಟ ಆದ ಮೇಲೆ ಆ ಪಾಠವನ್ನು ಮೊದಲಿಂದ ಕೊನೇವರೆಗೂ ಓದಿದೆ. ರೋಧದ ಬಗ್ಗೆ ಹೇಳುವ ಕಡೆ ಒಂದೇ ಸಾಲು ಇದೆ: ವಸ್ತುವಿನ ರೋಧ ತಾಪಕ್ಕೆ ತಕ್ಕಂತೆ ಬದಲಾಗುತ್ತದೆ ಅಂತ. ನಾಲ್ಕಾರು ಪುಟ ಮುಂದೆ ಹೋದರೆ ಬಲ್ಬಿನ ಟಂಗ್‌ಸ್ಟನ್ ತಂತಿಯ ವಿಷಯ ಬರುತ್ತದೆ. ಅದು ಎಷ್ಟು ಕಾಯುತ್ತದೆ, ಸುಟ್ಟುಹೋಗದೆ ಇರಲಿ ಅಂತ ಬಲ್ಬಿನೊಳಗೆ ನೈಟ್ರೋಜನ್, ಆರ್ಗಾನ್ ಯಾಕೆ ತುಂಬುತ್ತಾರೆ ಅಂತೆಲ್ಲ. ಈ ಎರಡನ್ನೂ ಜೋಡಿಸಿದರೆ ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಉರಿಯುವಾಗಿನ ಬಲ್ಬಿನದು 484, ಆರಿದ ಬಲ್ಬಿನದು 39. ಮೀಟರೂ ಸರಿ, ಪುಸ್ತಕವೂ ಸರಿ. ಪರೀಕ್ಷೆಗೆ ಬರಲ್ಲ ಅಂದ ವಿಷಯ ಪಠ್ಯದಲ್ಲೇ ಇತ್ತು, ಸರ್.

ಇನ್ನು ಆ ಪ್ಯಾಕೇಜ್ ವಿಷಯ. ತಮಗೆ ಗೊತ್ತಿಲ್ಲದ್ದೇನಲ್ಲ. ‘ಪಾಸಿಂಗ್ ಪ್ಯಾಕೇಜ್’ ಅಂತ ಝೆರಾಕ್ಸ್ ಮಾಡಿದ ಹಾಳೆಗಳು. ಯಾವ ಚಿತ್ರ ಬರೆದು ಭಾಗ ಗುರುತಿಸಿದರೆ ಎಷ್ಟು ಅಂಕ, ಯಾವ ಪಾಠ ಓದಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ, ಎಲ್ಲ ಅದರಲ್ಲಿದೆ. ಹೃದಯದ ನೀಳಛೇದ, ಹೂವಿನ ನೀಳಛೇದ, ಪೀನ ಮಸೂರದ ರೇಖಾಚಿತ್ರ, ಒಂದಷ್ಟು ವ್ಯಾಖ್ಯೆಗಳು. ಪರೀಕ್ಷೆಗೆ ಹದಿನೈದು ದಿನ ಇದ್ದಾಗ, ತೀರಾ ಹಿಂದೆ ಬಿದ್ದ ಮಗುವಿಗೆ ಇಂಥದ್ದೊಂದು ಕೊಟ್ಟರೆ ನನ್ನ ತಕರಾರಿಲ್ಲ. ಮುಳುಗುವವನಿಗೆ ಹಗ್ಗ ಎಸೆಯುವುದು ಬೇಡ ಅನ್ನಲು ಆಗುತ್ತದಾ? ಆದರೆ ಈ ಶಾಲೆಯಲ್ಲಿ ಅದು ಬಂದದ್ದು ನವೆಂಬರ್ ಕೊನೆಗೆ. ಪಾಠಗಳು ಅರ್ಧ ಮುಗಿದಿದ್ದವು. ಮಕ್ಕಳನ್ನು ಎ, ಬಿ, ಸಿ ಅಂತ ಗುಂಪು ಮಾಡಿದರು. ಸಿ ಗುಂಪಿನವರಿಗೆ ಅವತ್ತಿನಿಂದ ಪ್ಯಾಕೇಜೇ ಪಠ್ಯಪುಸ್ತಕ.

ನಮ್ಮ ಬೀದಿಯ ಒಬ್ಬ ಹುಡುಗ ಸಿ ಗುಂಪಿನಲ್ಲಿದ್ದ. ರಜೆ ದಿನ ಸುಮ್ನೆ ಬಂದು ಅಂಗಡಿಯಲ್ಲಿ ಕೂರುತ್ತಾನೆ. (ಕೆಲಸಕ್ಕೆ ಇಟ್ಟುಕೊಂಡಿಲ್ಲ ಸ್ವಾಮಿ, ಆ ಕಡೆಯಿಂದ ನೋಟಿಸ್ ಬರುವುದು ಬೇಡ.) ನೋಡಿ ನೋಡಿಯೇ ಸೀಲಿಂಗ್ ಫ್ಯಾನಿನ ವೈಂಡಿಂಗ್ ಕಲಿತಿದ್ದಾನೆ. ರನ್ನಿಂಗ್ ಕಾಯಿಲ್ ಯಾವುದು, ಸ್ಟಾರ್ಟಿಂಗ್ ಕಾಯಿಲ್ ಯಾವುದು, ಕೆಪಾಸಿಟರ್ ಕಡೆ ಹೋಗುವ ತುದಿ ಯಾವುದು, ಎಲ್ಲ ಬಾಯಲ್ಲಿದೆ. ಒಂದು ಕಾಯಿಲ್ ಉಲ್ಟಾ ಕೂಡಿಸಿಬಿಟ್ಟರೆ ಫ್ಯಾನ್ ಯಾಕೆ ಗುಂಯ್ ಅನ್ನುತ್ತ ನಿಲ್ಲುತ್ತದೆ ಅಂತ ಕೇಳಿ, ಅವನು ಬೆರಳಿನಲ್ಲಿ ತೋರಿಸಿ ಹೇಳುತ್ತಾನೆ: “ಇದು ಈ ಕಡೆ ಎಳೆಯುತ್ತೆ, ಅದು ಆ ಕಡೆ ಎಳೆಯುತ್ತೆ ಅಂಕಲ್.”

ಅವನಿಗೆ ಕೊಟ್ಟ ಪ್ಯಾಕೇಜ್ ನೋಡಿದೆ. ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’ ಪಾಠದ ಎದುರು ಪೆನ್ನಿನಲ್ಲಿ ಅಡ್ಡಗೆರೆ ಎಳೆದಿತ್ತು. ಕೇಳಿದರೆ, “ಅದು ಕಷ್ಟ, ನಿನಗೆ ಬೇಡ ಅಂದ್ರು” ಅಂದ. ಇಡೀ ತರಗತಿಯಲ್ಲಿ ಆ ಪಾಠವನ್ನು ಕೈಯಿಂದ ಮುಟ್ಟಿ ನೋಡಿದವನು ಅವನೊಬ್ಬನೇ. ಅವನಿಗೇ ಬೇಡ ಅಂದರು. ಫ್ಲೆಮಿಂಗ್‌ನ ಎಡಗೈ ನಿಯಮವನ್ನು ಅವನಿಗೆ ನಾನೇ ಒಂದು ಭಾನುವಾರ ಹೇಳಿಕೊಟ್ಟೆ. ಹೆಬ್ಬೆರಳು ಬಲ, ತೋರುಬೆರಳು ಕಾಂತಕ್ಷೇತ್ರ, ಮಧ್ಯದ ಬೆರಳು ಕರೆಂಟ್. ಕಾಲು ಗಂಟೆ ಹಿಡಿಯಲಿಲ್ಲ. ಹೊಸದಾಗಿ ಏನನ್ನೋ ಕಲಿತವನ ಮುಖ ಇರಲಿಲ್ಲ, ಗೊತ್ತಿದ್ದದ್ದಕ್ಕೆ ಹೆಸರು ಸಿಕ್ಕಿದವನ ಮುಖ ಇತ್ತು.

ಆ ಹುಡುಗ ಪರೀಕ್ಷೆ-1ರಲ್ಲಿ ವಿಜ್ಞಾನದಲ್ಲೇ ಫೇಲಾದ. ಪ್ಯಾಕೇಜಿನಲ್ಲಿದ್ದ ಚಿತ್ರಗಳಲ್ಲಿ ಎರಡು ಬಂದಿರಲಿಲ್ಲವಂತೆ. ಪರೀಕ್ಷೆ-2 ಬರೆದು ಪಾಸಾದ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿದ್ದು ಒಳ್ಳೆಯ ಕೆಲಸ, ಅದಕ್ಕೆ ಕೈ ಮುಗಿಯುತ್ತೇನೆ. ಇಲ್ಲದಿದ್ದರೆ ಅವನಿಗೆ ಒಂದು ವರ್ಷ ಹೋಗುತ್ತಿತ್ತು. ಈಗ ಐಟಿಐ ಎಲೆಕ್ಟ್ರಿಷಿಯನ್ ಟ್ರೇಡ್‌ಗೆ ಅರ್ಜಿ ಹಾಕಿದ್ದಾನೆ. ಅಲ್ಲಿ ಹೇಳಿಕೊಡುವುದು ಯಾವ ಪಾಠ ಅಂತ ತಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಮೇಡಂ ವಿಷಯ. ಪ್ರೌಢಶಾಲೆಗಳಲ್ಲಿ ವಿಜ್ಞಾನಕ್ಕೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಅಂತ ಇಬ್ಬರು ಶಿಕ್ಷಕರು ಇರಬೇಕಲ್ವಾ? ಈ ಶಾಲೆಯಲ್ಲಿ ಪಿಸಿಎಂ ಹುದ್ದೆ ಖಾಲಿ. ಅತಿಥಿ ಶಿಕ್ಷಕರೊಬ್ಬರು ಬಂದದ್ದು ಆಗಸ್ಟ್‌ನಲ್ಲಿ, ಅವರಿಗೆ ಗಣಿತ ಮುಗಿಸುವುದೇ ಸಾಕಾಗಿ ಹೋಯಿತು. ಜೀವಶಾಸ್ತ್ರ ಓದಿದ ಮೇಡಂ ಮೇಲೆ ಭೌತಶಾಸ್ತ್ರವೂ ಬಿತ್ತು. ಜೊತೆಗೆ ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಮನೆ ಭೇಟಿ, ಸರಣಿ ಪರೀಕ್ಷೆ, ಅದರ ಅಂಕಗಳನ್ನು ಕಂಪ್ಯೂಟರಿಗೆ ತುಂಬುವುದು. ಫಲಿತಾಂಶ ಕಡಿಮೆಯಾದರೆ ಕಾರಣ ಕೇಳಿ ನೋಟಿಸ್. ಇಷ್ಟೆಲ್ಲ ತಲೆಯ ಮೇಲೆ ಇರುವಾಗ ಒಬ್ಬ ಹುಡುಗಿ ಬಂದು ಬಲ್ಬ್ ತಣ್ಣಗಿದ್ದಾಗ ರೋಧ ಯಾಕೆ ಕಡಿಮೆ ಅಂತ ಕೇಳಿದರೆ, ಆಕೆ ಬೇರೆ ಏನು ಹೇಳಿಯಾರು?

ನನ್ನ ಮುಖ್ಯ ತಕರಾರು ಒಂದು ಬೀರುವಿನ ಬಗ್ಗೆ.

ಜನವರಿಯ ಪೋಷಕರ ಸಭೆಗೆ ಹೋಗಿದ್ದೆ. ಸಭೆ ಮುಗಿದ ಮೇಲೆ, ಪುಸ್ತಕದಲ್ಲಿರುವ ಓಮ್‌ನ ನಿಯಮದ ಚಟುವಟಿಕೆಯನ್ನು ಮಕ್ಕಳಿಗೆ ಮಾಡಿ ತೋರಿಸಿದ್ದೀರಾ ಅಂತ ಕೇಳಿದೆ. ಅದಕ್ಕೆ ಬೇಕಾಗುವುದು ಅರ್ಧ ಮೀಟರ್ ನೈಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಸೆಲ್, ಒಂದು ಆಮೀಟರ್, ಒಂದು ವೋಲ್ಟ್ ಮೀಟರ್, ಒಂದು ಪ್ಲಗ್ ಕೀ. “ಸಾಮಾನು ಇದೆ, ಬೀರುವಿನಲ್ಲಿದೆ” ಅಂದರು. ಬೀರು ತೋರಿಸಿ ಅಂದೆ. ಕೀಲಿ ಯಾರ ಹತ್ತಿರ ಇದೆ ಅಂತ ಹುಡುಕುವುದರಲ್ಲೇ ಇಪ್ಪತ್ತು ನಿಮಿಷ ಆಯಿತು. ಹೆಡ್‌ಮಾಸ್ಟರ್ ಮೇಜಿನ ಡ್ರಾಯರ್, ಗುಮಾಸ್ತರ ಗೊಂಚಲು, ಕೊನೆಗೆ ವರ್ಗವಾಗಿ ಹೋದ ಶಿಕ್ಷಕರಿಗೆ ಫೋನ್. ಕೀಲಿ ಸೀಮೆಸುಣ್ಣದ ಡಬ್ಬದಲ್ಲಿ ಸಿಕ್ಕಿತು.

ಬೀರು ತೆರೆದಾಗ ಏನೇನಿತ್ತು ಹೇಳುತ್ತೇನೆ. ಪ್ಲಾಸ್ಟಿಕ್ ಕವರ್ ಕೂಡ ತೆಗೆಯದ ಆಮೀಟರ್ ಎರಡು. ಮುಳ್ಳು ಸಿಕ್ಕಿಕೊಂಡ ಗ್ಯಾಲ್ವನೋಮೀಟರ್ ಒಂದು. ಹತ್ತಿಯಲ್ಲಿ ಸುತ್ತಿಟ್ಟ ಪೀನ ಮಸೂರಗಳು, ನಿಮ್ನ ದರ್ಪಣಗಳು. ಒಂದು ಡಬ್ಬಿಯಲ್ಲಿ ಮೆಗ್ನೀಷಿಯಂ ಪಟ್ಟಿಯ ಸುರುಳಿ, ಕಪ್ಪಾಗಿತ್ತು. ಮೇಲೆಲ್ಲ ಬೆರಳಲ್ಲಿ ಹೆಸರು ಬರೆಯಬಹುದಾದಷ್ಟು ದೂಳು.

ಯಾಕೆ ತೆಗೆಯುವುದಿಲ್ಲ ಅಂತ ಕೇಳಿದೆ. ಮೇಡಂ ಗೋಡೆ ಕಡೆ ನೋಡುತ್ತ ಹೇಳಿದರು: “ಸ್ಟಾಕ್ ರಿಜಿಸ್ಟರ್‌ನಲ್ಲಿ ಎಲ್ಲ ಎಂಟ್ರಿ ಆಗಿದೆ. ಒಡೆದರೆ ನಮ್ಮ ತಲೆಗೇ ಬರುತ್ತೆ. 48 ಮಕ್ಕಳ ಮಧ್ಯೆ ಒಂದು ಮಸೂರ ಬಿದ್ದರೆ ಯಾರು ಉತ್ತರ ಹೇಳೋದು?”

ನನಗೆ ಆಗ ಅರ್ಥವಾಯಿತು. ಉಪಯೋಗಿಸಿ ಒಡೆದರೆ ಉತ್ತರ ಕೊಡಬೇಕು. ಉಪಯೋಗಿಸದೆ ಹಾಳಾದರೆ ಯಾರೂ ಕೇಳುವುದಿಲ್ಲ. ಅಂದ ಮೇಲೆ ಯಾರು ಬೀಗ ತೆಗೆಯುತ್ತಾರೆ? ನಾನೂ ಆ ಜಾಗದಲ್ಲಿದ್ದರೆ ತೆಗೆಯುತ್ತಿರಲಿಲ್ಲವೇನೋ.

ಆ ಮೆಗ್ನೀಷಿಯಂ ಪಟ್ಟಿಯ ಕತೆ ಸ್ವಲ್ಪ ಹೇಳಲೇಬೇಕು. ವಿಜ್ಞಾನ ಪುಸ್ತಕದ ಮೊದಲನೇ ಪಾಠದ ಮೊದಲನೇ ಚಟುವಟಿಕೆಯೇ ಅದು. ಪಟ್ಟಿಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಇಕ್ಕಳದಲ್ಲಿ ಹಿಡಿದು ಉರಿಸಬೇಕು. ಕಣ್ಣು ಕುಕ್ಕುವ ಬೆಳಕು ಬಂದು ಬಿಳಿ ಬೂದಿ ಉಳಿಯುತ್ತದೆ. ಉರಿಸುವ ಮುಂಚೆ ಯಾಕೆ ಉಜ್ಜಬೇಕು ಅಂತ ಪುಸ್ತಕದಲ್ಲೇ ಪ್ರಶ್ನೆ ಇದೆ. ಆ ತರಗತಿಯ ಯಾವ ಮಗುವನ್ನು ಕೇಳಿದರೂ ‘ಮೇಲ್ಮೈಯಲ್ಲಿರುವ ಆಕ್ಸೈಡ್ ಪದರವನ್ನು ತೆಗೆದುಹಾಕಲು’ ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಮೆಗ್ನೀಷಿಯಂ ಪಟ್ಟಿ ನೋಡಿದವರು ಯಾರೂ ಇಲ್ಲ. ನನ್ನ ಮಗಳಿಗೂ ಅದು ಹೊಳೆದದ್ದು ಅಂಗಡಿಯಲ್ಲಿ. ತಾಮ್ರದ ತಂತಿಗೆ ಬೆಸುಗೆ ಹಾಕುವ ಮುಂಚೆ ನಾವು ತುದಿಯ ಎನಾಮಲ್ ಕೆರೆಯುತ್ತೇವೆ, ಕೆರೆಯದಿದ್ದರೆ ಸೀಸ ಕಚ್ಚುವುದಿಲ್ಲ. “ಓ, ಹಾಗೇನಾ!” ಅಂದಳು. ಎನಾಮಲ್ ನಾವೇ ಬಳಿದದ್ದು, ಆಕ್ಸೈಡ್ ತಾನಾಗಿ ಆದದ್ದು, ವ್ಯತ್ಯಾಸ ಇದೆ. ಆದರೂ ನಡುವೆ ಪದರ ಕೂತರೆ ಕೆಲಸ ಕೆಡುತ್ತದೆ ಅನ್ನುವುದು ಅವಳ ಕೈಗೆ ಗೊತ್ತಾಯಿತು.

ಈ ಪುಸ್ತಕ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ. ಹಳ್ಳಿ ಮಕ್ಕಳಿಗೆ ಭಾರ ಅಂತ ಬಹಳ ಜನ ಹೇಳುತ್ತಾರೆ. ಮೂರು ತಿಂಗಳು ಮಗಳ ಜೊತೆ ಕೂತು ಓದಿದ ಮೇಲೆ ನನಗೆ ಹಾಗನ್ನಿಸಲಿಲ್ಲ. ಅಂಗಿಗೆ ತಾಗಿದ ಸಾರಿನ ಅರಿಶಿನದ ಕಲೆ ಸೋಪು ಹಾಕಿದರೆ ಕೆಂಪಾಗುವುದು ಅದರಲ್ಲಿದೆ. ಹಾಲಿನವನು ಹಾಲಿಗೆ ಚೂರು ಅಡುಗೆ ಸೋಡಾ ಹಾಕಿದರೆ ಯಾಕೆ ಹೆಪ್ಪುಗಟ್ಟಲು ಜಾಸ್ತಿ ಹೊತ್ತು ಬೇಕು ಅಂತ ಪ್ರಶ್ನೆ ಇದೆ. ಡೈರಿಗೆ ಹಾಲು ಹಾಕುವ ಮನೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇಕಾ? ಎಣ್ಣೆ ತಿಂಡಿ ಹಳತಾದರೆ ಕಮಟು ವಾಸನೆ ಬರುವುದಕ್ಕೆ ಪುಸ್ತಕದಲ್ಲಿ ‘ಕಮಟುವಿಕೆ’ ಅಂತಲೇ ಹೆಸರು. ದೀಪಾವಳಿ ಚಕ್ಕುಲಿ ಡಬ್ಬ ತಿಂಗಳಾದ ಮೇಲೆ ತೆಗೆದು ಮೂಸಿದ ಪ್ರತಿ ಮಗುವಿಗೂ ಗೊತ್ತಿರುವ ಮಾತು. ಪ್ಯಾಕೇಜಿನಲ್ಲಿ ಅದು ಹೀಗಿದೆ: ‘ಕಮಟುವಿಕೆ ಎಂದರೇನು? 2 ಅಂಕ.’ ಚಕ್ಕುಲಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ಎಲ್ಲ ಪದವೂ ಇಷ್ಟು ಸಲೀಸಾಗಿಲ್ಲ, ಒಪ್ಪುತ್ತೇನೆ. ವಿಭವಾಂತರ, ದ್ವಿಸ್ಥಾನಪಲ್ಲಟ, ಅಂತರುಷ್ಣಕ ಅಂತ ಬಂದರೆ ನನಗೂ ನಾಲಿಗೆ ತಡವರಿಸುತ್ತದೆ. ವಿಭವಾಂತರಕ್ಕೆ ನಾವು ಅಂಗಡಿಯಲ್ಲಿ ವೋಲ್ಟೇಜ್ ಅನ್ನುತ್ತೇವೆ. ಮುಂದೆ ಪಿಯುಸಿ ವಿಜ್ಞಾನಕ್ಕೆ ಹೋದರೆ ಎಲ್ಲವೂ ಇಂಗ್ಲಿಷ್. ತರಗತಿಯ ಗೋಡೆಗೆ ಎರಡೂ ಪದ ಬರೆದ ಒಂದು ಹಾಳೆ ಅಂಟಿಸಿದರೆ ಸಾಕು, ಅದಕ್ಕೆ ಸುತ್ತೋಲೆಯೂ ಬೇಡ.

ಪರೀಕ್ಷೆಗೆ ಬರಲ್ಲ ಅನ್ನುವ ಮಾತು ಎಷ್ಟು ನಿಜ ಅಂತಲೂ ನೋಡಿದೆವು. ಮಗಳು ಹಳೇ ಪ್ರಶ್ನೆಪತ್ರಿಕೆ ಕೂಡಿಹಾಕಿಕೊಂಡಳು. ಒಂದು ಅಂಕದಿಂದ ಐದು ಅಂಕದವರೆಗೆ ಪ್ರಶ್ನೆಗಳಿರುತ್ತವೆ. ವ್ಯಾಖ್ಯೆ ಕೇಳುವುದು ಇದ್ದೇ ಇದೆ. ಆದರೆ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಟ್ಟರೆ ಏನಾಗುತ್ತದೆ, ಯಾಕೆ, ಅನ್ನುವಂಥವೂ ಇವೆ. ಮೊಳೆ ಕಂದಾಗಿ, ನೀಲಿ ಬಣ್ಣ ಮಾಸಿದ್ದನ್ನು ಒಂದು ಸಲ ನೋಡಿದ ಮಗು ಅದನ್ನು ಉರು ಹೊಡೆಯಬೇಕಾಗಿಲ್ಲ. ಪುಸ್ತಕದ ಅಭ್ಯಾಸದಲ್ಲಿ 220 ವೋಲ್ಟಿನ 100 ವ್ಯಾಟ್ ಬಲ್ಬನ್ನು 110 ವೋಲ್ಟಿಗೆ ಹಾಕಿದರೆ ಎಷ್ಟು ವ್ಯಾಟ್ ಅಂತ ಇದೆ. ಉತ್ತರ 25 ಅಂತ ಎಲ್ಲರಿಗೂ ಬಾಯಿಪಾಠ. “ನಮ್ಮೂರಲ್ಲಿ ಬೇಸಿಗೆ ಸಂಜೆ 160 ವೋಲ್ಟ್ ಬರುತ್ತಲ್ಲ, ಆಗ?” ಅಂತ ನಾನು ಕೇಳಿದರೆ ಮಗಳ ಗೆಳತಿಯರು ಮುಖ ಮುಖ ನೋಡಿಕೊಂಡರು. ರೋಧ ಬದಲಾಗಲ್ಲ ಅಂತ ಇಟ್ಟುಕೊಂಡರೆ ಸುಮಾರು 53. ಲೆಕ್ಕ ಒಂದೇ, ಅಂಕಿ ಬೇರೆ, ಅಷ್ಟೇ.

ಇದೇ ಮಕ್ಕಳು ಭೂಸಂಪರ್ಕ ತಂತಿಯ ಉಪಯೋಗ ಬರೆದು ಎರಡು ಅಂಕ ತೆಗೆಯುತ್ತಾರೆ. ಅವರ ಮನೆಯ ಇಸ್ತ್ರಿಪೆಟ್ಟಿಗೆ ನನ್ನ ಅಂಗಡಿಗೆ ಬಂದಾಗ ನೋಡಿದರೆ, ಸಾಕೆಟ್‌ಗೆ ಹೋಗಲ್ಲ ಅಂತ ಪ್ಲಗ್ಗಿನ ದಪ್ಪ ಅರ್ಥ್ ಪಿನ್ನನ್ನೇ ಕಿತ್ತುಹಾಕಿರುತ್ತಾರೆ. ಉತ್ತರಪತ್ರಿಕೆಯ ಅರ್ಥಿಂಗ್ ಮನೆ ತನಕ ಬಂದಿಲ್ಲ.

2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಗ್ರೇಸ್ ಅಂಕವನ್ನು ಶೇ 20ಕ್ಕೆ ಏರಿಸಿದರೂ ಪರೀಕ್ಷೆ-1ರ ಫಲಿತಾಂಶ ಶೇ 73.40ಕ್ಕೆ ನಿಂತಿತು. ಕ್ಯಾಮೆರಾ ಇಟ್ಟದ್ದು ಸರಿಯೇ. ಆದರೆ ಕ್ಯಾಮೆರಾ ಇಟ್ಟಿರುವುದು ಮಾರ್ಚ್ ತಿಂಗಳ ಕೊಠಡಿಗೆ. ಜೂನ್‌ನಿಂದ ಫೆಬ್ರವರಿವರೆಗೆ ಆ ಬೀರುವಿನ ಕಡೆ ನೋಡಿದವರು ಯಾರು?

ಆಂತರಿಕ ಮೌಲ್ಯಮಾಪನದ 20 ಅಂಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಹೃದಯದ ಚಿತ್ರದ ಹಾಳೆ ಸಿಗುತ್ತದೆ. ತಂದು ಅಂಟಿಸಿ, ಸುತ್ತ ಸ್ಕೆಚ್ ಪೆನ್ನಿನಲ್ಲಿ ಗೆರೆ ಹಾಕಿದರೆ ಅದು ‘ಚಟುವಟಿಕೆ’. ಮಾರ್ಕ್ಸ್ ಎಲ್ಲರಿಗೂ 18, 19. ನನ್ನ ಮಗಳಿಗೂ ಬಂದಿದೆ, ಸುಳ್ಳು ಹೇಳಲ್ಲ.

ಇಷ್ಟೆಲ್ಲ ಆದ ಮೇಲೆ ನನ್ನ ಕೋರಿಕೆಗೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು, ಪಾಠ ಮಾಡುವಾಗ ಒಡೆದ ಗಾಜಿಗೆ, ಕೆಟ್ಟ ಮೀಟರಿಗೆ ಶಿಕ್ಷಕರು ಹೊಣೆಯಲ್ಲ ಅಂತ ಒಂದು ಸಾಲಿನ ಆದೇಶ ಬರೆದು ತಮ್ಮ ಸಹಿ ಹಾಕಿ ಕಳಿಸಿ. ಹಣ ಬೇಡ, ಹೊಸ ಲ್ಯಾಬ್ ಕಟ್ಟಡ ಬೇಡ, ಈ ಸಾಲು ಸಾಕು. ಶಾಲೆಗೆ ತಪಾಸಣೆಗೆ ಬರುವವರು ಸರಣಿ ಪರೀಕ್ಷೆಯ ಅಂಕಪಟ್ಟಿ ಕೇಳುವ ಮೊದಲು ಆ ಬೀರುವಿನಲ್ಲಿ ಏನೇನು ಸವೆದಿದೆ, ಏನೇನು ಖಾಲಿಯಾಗಿದೆ ಅಂತ ಕೇಳಲಿ. ಏನೂ ಖಾಲಿಯಾಗಿಲ್ಲ ಅಂದರೆ ಆಗ ಕಾರಣ ಕೇಳಲಿ. ವಾರಕ್ಕೆ ಒಂದು ಪಿರಿಯಡ್ ಪುಸ್ತಕದ ಚಟುವಟಿಕೆಗೆ ಅಂತ ವೇಳಾಪಟ್ಟಿಯಲ್ಲೇ ಬರೆದಿಡಲಿ, ಆಂತರಿಕ ಅಂಕ ಅಲ್ಲಿಂದ ಬರಲಿ.

ಪಾಸಿಂಗ್ ಪ್ಯಾಕೇಜ್ ಬೇಡವೇ ಬೇಡ ಅಂತ ಹಟ ಮಾಡುವುದಿಲ್ಲ. ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆ ಆಗುವ ತನಕ ಯಾವ ಮಗುವಿನ ಕೈಗೂ ಅದು ಹೋಗದಿರಲಿ. ಯಾವ ಪಾಠ ಬಿಡಬೇಕು ಅನ್ನುವುದನ್ನು ಆ ಮಗುವನ್ನು ಕೇಳಿ ತೀರ್ಮಾನಿಸಲಿ. ಒಬ್ಬನಿಗೆ ಹೂವಿನ ಚಿತ್ರ ಸುಲಭ, ಇನ್ನೊಬ್ಬನಿಗೆ ಫ್ಯಾನಿನ ಕಾಯಿಲ್ ಸುಲಭ. ಖಾಲಿ ಇರುವ ಪಿಸಿಎಂ ಹುದ್ದೆಗೆ ಅತಿಥಿ ಶಿಕ್ಷಕರು ಜೂನ್‌ನಲ್ಲೇ ಬರುವಂತೆ ನೋಡಿಕೊಳ್ಳಿ. ಇದು ತಮ್ಮೊಬ್ಬರ ಕೈಯಲ್ಲಿಲ್ಲ ಅಂತ ಗೊತ್ತು, ಆದರೂ ಮೇಲಿನವರಿಗೆ ಬರೆಯುವುದು ತಮ್ಮ ಕೈಯಲ್ಲಿದೆ.

ನನ್ನ ಅಂಗಡಿಗೆ ಮಂಗಳವಾರ ರಜೆ. ಆ ಮುಳ್ಳು ಸಿಕ್ಕಿಕೊಂಡ ಗ್ಯಾಲ್ವನೋಮೀಟರನ್ನು ನಾನೇ ಸರಿ ಮಾಡಿಕೊಡುತ್ತೇನೆ, ಕಾಸು ಬೇಡ. ನೈಕ್ರೋಮ್ ತಂತಿ, ಸೆಲ್ಲು ನನ್ನಲ್ಲಿವೆ. ಸೀರೀಸ್ ಬೋರ್ಡನ್ನೂ ತರುತ್ತೇನೆ, ಆದರೆ ಅದು ಲೈನಿನ ಕರೆಂಟು, ಮಕ್ಕಳು ದೂರದಿಂದಲೇ ನೋಡಬೇಕು. ಮೇಡಂ ಪಾಠ ಮಾಡಲಿ, ನಾನು ಪಕ್ಕದಲ್ಲಿ ನಿಂತು ತಂತಿ ಹಿಡಿಯುತ್ತೇನೆ. ಹೊರಗಿನವರನ್ನು ತರಗತಿಗೆ ಬಿಡಲು ಅನುಮತಿ ಪತ್ರ ಬೇಕು ಅಂತ ಶಾಲೆಯಲ್ಲಿ ಹೇಳಿದ್ದಾರೆ. ಅದನ್ನು ತಾವು ಕೊಡಬೇಕು.

ಕೀಲಿ ಈಗಲೂ ಸೀಮೆಸುಣ್ಣದ ಡಬ್ಬದಲ್ಲೇ ಇದೆ. ಕಳೆದ ವಾರ ಮಗನನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಬಸ್ ಸ್ಟ್ಯಾಂಡ್ ಹಿಂದಿನ ರಿವೈಂಡಿಂಗ್ ಅಂಗಡಿಯವ,
ಹತ್ತನೇ ತರಗತಿ ಹುಡುಗನ ಅಪ್ಪ